ಉಪ್ಪು ಎರಚಬೇಡ

ನೇಸ್, ಕಿಲ್ಡೇರ್, ಐರ್ಲೆಂಡ್
೧೯ ನವೆಂಬರ್ ೨೦೨೪

ಪ್ರೀತಿಯ ಸಂಪತ್,

ನಿನ್ನ ಹೆಸರಿಗೆ ಮೊದಲು ಪ್ರೀತಿಯ ಎಂಬ ಪದ ಬರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಪದ ಹೊಳೆಯಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೆದರೆ ನೀನು ಅರ್ಧ ಓದಿ ಸುಮ್ಮನಾಗುತ್ತೀಯ, ಕಾಗದವಾದರೆ ಕೊನೆಯವರೆಗೂ ಓದುತ್ತೀಯ ಎಂಬ ಆಸೆಯಿಂದ ಪೆನ್ನು ಹಿಡಿದಿದ್ದೇನೆ. ಅತ್ತೆಯ ಮಂಡಿನೋವು ಹೇಗಿದೆ? ನಮ್ಮ ಗಗನ್‌ನ ಮುಂದಿನ ಹಲ್ಲು ಬಿದ್ದಿತಂತೆ. ನಿನ್ನ ಅಕ್ಕ ಸ್ಟೇಟಸ್‌ಗೆ ಹಾಕಿದ್ದ ಫೋಟೊ ನೋಡಿದೆ. ಅದರಲ್ಲಿ ಅವನು ಥೇಟ್ ನಿನ್ನ ಹಾಗೆಯೇ ನಗುತ್ತಿದ್ದಾನೆ.

ನಾನು ಒಂದು ದೆವ್ವದ ಸಿನಿಮಾ ನೋಡಿದೆ. ಅದನ್ನು ಹೇಳಲು ಇಷ್ಟು ದೊಡ್ಡ ಪತ್ರವೇ ಎಂದು ನಿನಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದು.

ಮಾರಿವಿಕ್ ಬಗ್ಗೆ ನಿನಗೆ ಗೊತ್ತಿಲ್ಲ. ನೀನು ಊರಿಗೆ ಹೋದಮೇಲೆ ಆ ಮನೆಯ ಬಾಡಿಗೆ ನನ್ನೊಬ್ಬಳಿಗೆ ಹೆಚ್ಚಾಗುತ್ತಿತ್ತು, ಈಗಿರುವ ಮನೆಯನ್ನು ಅವಳೊಡನೆ ಹಂಚಿಕೊಂಡಿದ್ದೇನೆ. ಫಿಲಿಪೀನ್ಸ್‌ನವಳು, ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮ್‌ನಲ್ಲಿ ನರ್ಸ್. ಅವಳ ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾರೆ. ಗಂಡ ತೀರಿಕೊಂಡಿದ್ದಾನೆ. ಅಡುಗೆಮನೆಯಲ್ಲಿ ಸದಾ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟಿರುತ್ತಾಳೆ. ಸೋಪು, ಚಾಕೊಲೇಟು, ಮಕ್ಕಳ ಶೂ, ಹೀಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ಹಾಕುತ್ತಾ ಹೋಗುತ್ತಾಳೆ. ತುಂಬಿದ ಮೇಲೆ ಹಡಗಿಗೆ ಕಳಿಸಿ ಮತ್ತೊಂದು ಪೆಟ್ಟಿಗೆ ತರುತ್ತಾಳೆ.

ಮೊನ್ನೆ ಭಾನುವಾರ ಮಧ್ಯಾಹ್ನ ಇಲ್ಲಿಯ ಫಿಲಿಪಿನೋ ಸಂಘದವರು ಚರ್ಚಿನ ಪಕ್ಕದ ಹಾಲ್‌ನಲ್ಲಿ ಅವರ ಭಾಷೆಯ ಹೊಸ ಸಿನಿಮಾವನ್ನು ಇಂಗ್ಲಿಷ್ ಸಬ್‌ಟೈಟಲ್‌ನೊಂದಿಗೆ ಹಾಕಿದ್ದರು. ಮಾರಿವಿಕ್ ಎಳೆದುಕೊಂಡು ಹೋದಳು. ನಮ್ಮ ಆಫೀಸಿನ ಕಿರಣನೂ ಬಂದಿದ್ದ. ನಿನಗೆ ನೆನಪಿರಬೇಕು, ಬೆಂಗಳೂರಿನವನು, ಬಾಯಿ ಮುಚ್ಚುವುದೇ ಇಲ್ಲ. ಹಾಲ್‌ನ ತುಂಬ ನರ್ಸುಗಳು, ಅವರ ಮಕ್ಕಳು, ಅಕ್ಕಪಕ್ಕದ ಕೆಲವು ಐರಿಷ್ ಜನ.

ಕಥೆ ಇಷ್ಟು. ಹೊರದೇಶದಲ್ಲಿ ಮನೆಗೆಲಸಕ್ಕಿದ್ದ ಒಬ್ಬಳು ತಾಯಿ ಇದ್ದಕ್ಕಿದ್ದಂತೆ ಹಳ್ಳಿಗೆ ಬರುತ್ತಾಳೆ, ಕೈಯಲ್ಲಿ ಅಂಥದ್ದೇ ದೊಡ್ಡ ಪೆಟ್ಟಿಗೆ. ಮೂವರು ಮಕ್ಕಳು ಕುಣಿದಾಡುತ್ತಾರೆ. ಅಜ್ಜಿಯೊಬ್ಬಳಿಗೆ ಮಾತ್ರ ಅನುಮಾನ. ಮಗಳು ಉಪ್ಪು ಹಾಕಿದ್ದನ್ನು ಮುಟ್ಟುತ್ತಿಲ್ಲ, ನಡೆದಲ್ಲೆಲ್ಲ ನೆಲ ಒದ್ದೆ. ಅವಳು ಪರದೇಶದಲ್ಲೇ ಸತ್ತಿದ್ದಾಳೆ, ಅದು ಅವಳಿಗೇ ಗೊತ್ತಿಲ್ಲ. ಉಪ್ಪು ಎರಚಿದರೆ ಅಂಥವರು ಹೋಗಿಬಿಡುತ್ತಾರೆ, ಇಲ್ಲವಾದರೆ ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಾರೆ ಎಂದು ಆ ಹಳ್ಳಿಯವರ ನಂಬಿಕೆ.

ಮೊದಲರ್ಧ ಹಾಲ್ ಜಾತ್ರೆಯ ಹಾಗಿತ್ತು. ಫಿಲಿಪಿನೋ ಜನ ಹೆದರಿ ಕಿರುಚುತ್ತಾರೆ, ಕಿರುಚಿದ ಮರುಕ್ಷಣವೇ ನಗುತ್ತಾರೆ, ಪರದೆಯೊಂದಿಗೆ ಜಗಳಕ್ಕೇ ನಿಲ್ಲುತ್ತಾರೆ. "ಎರಚು ಅಜ್ಜಿ, ಉಪ್ಪು ಎರಚು!" ಅಂತ ಒಬ್ಬಳು ಕುರ್ಚಿ ಬಿಟ್ಟು ಎದ್ದಳು. ಮಾರಿವಿಕ್ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ ತಾನೂ ಕೂಗಿದಳು. ಕಿರಣ್ ನನ್ನ ಕಿವಿಯಲ್ಲಿ, "ಏನ್ರೀ ಮಧುಶ್ರೀ, ನಮ್ಮ ಕಡೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರಲ್ಲ, ಆ ದೆವ್ವದ ಮುಂದೆ ಇದೇನೂ ಇಲ್ಲ ಬಿಡಿ" ಅಂದ. ನಾನೂ ನಕ್ಕೆ. ನಿಜವಾಗಿ ನಕ್ಕು ಎಷ್ಟು ಕಾಲವಾಗಿತ್ತೋ.

ಆಮೇಲೆ ಒಂದು ದೃಶ್ಯ ಬಂತು. ದೊಡ್ಡ ಮಗಳಿಗೆ ಫೋನ್ ಬರುತ್ತದೆ, ನಿಮ್ಮ ತಾಯಿಯ ಶವ ವಿಮಾನದಲ್ಲಿ ಬರುತ್ತಿದೆ ಎಂದು. ಆ ಹುಡುಗಿ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದು, ಏನೂ ಆಗದವಳ ಹಾಗೆ ಬಂದು ಅಮ್ಮನ ತಲೆ ಬಾಚುತ್ತಾಳೆ. ಅಮ್ಮನಿಗೆ ತಾನು ಸತ್ತ ಸುದ್ದಿ ತಿಳಿಯಬಾರದು ಅಂತ. ಅಷ್ಟರಲ್ಲಿ ಚಿಕ್ಕವನು ಬಂದು ಅಮ್ಮನ ತೊಡೆಯ ಮೇಲೆ ಕೂತು ಕೇಳುತ್ತಾನೆ: "ಈ ಸಲ ಎಷ್ಟು ದಿನ ಇರ್ತೀಯ?"

ಅಷ್ಟೇ, ಸಂಪತ್. ಗದ್ದಲ ಮಾಡುತ್ತಿದ್ದ ಅಷ್ಟೂ ಹೆಂಗಸರು ಕಣ್ಣೊರೆಸಿಕೊಳ್ಳತೊಡಗಿದರು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಹಿಂದಿನ ಸಾಲಿನಲ್ಲಿ ಇನ್ನೂ ನಗುತ್ತಿದ್ದರು. ಅವರಲ್ಲೊಬ್ಬಳು ತಿರುಗಿ, ತನ್ನ ಅಮ್ಮ ಏಕೆ ಅಳುತ್ತಿದ್ದಾಳೆ ಎಂದು ಗಾಬರಿಯಿಂದ ನೋಡಿದಳು. ಕೊನೆಯಲ್ಲಿ ಅಜ್ಜಿ ಮುಷ್ಟಿಯಲ್ಲಿ ಉಪ್ಪು ಹಿಡಿದು ಮಗಳ ಹಿಂದೆ ಬಂದು ನಿಂತಾಗ, ಮೊದಲು "ಎರಚು" ಅಂದಿದ್ದ ಅದೇ ಜನ "ಬೇಡ, ಬೇಡ, ಉಪ್ಪು ಎರಚಬೇಡ" ಎಂದು ಅಳುತ್ತಾ ಕೂಗಿದರು. ಅಜ್ಜಿ ಎರಚಿದಳು. ಎರಚಲೇಬೇಕಲ್ಲ, ಮಕ್ಕಳು ಬದುಕಬೇಕು.

ನಾನು ಅತ್ತ ರೀತಿಗೆ ಕಿರಣ್ ಹೆದರಿಹೋದ. ನನ್ನ ಪಕ್ಕದಲ್ಲಿ ಒಬ್ಬ ಐರಿಷ್ ಅಜ್ಜಿ ಕೂತಿದ್ದಳು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಗ್ರ್ಯಾಂಡ್, ಯೂ ಆರ್ ಗ್ರ್ಯಾಂಡ್" ಎನ್ನುತ್ತಲೇ ಇದ್ದಳು, ಏನೂ ಆಗಿಲ್ಲ ಅಂತ ಇಲ್ಲಿಯವರು ಸಮಾಧಾನ ಹೇಳುವ ಹಾಗೆ. ತನ್ನ ಅಣ್ಣ ಹದಿನೇಳಕ್ಕೆ ಬೋಸ್ಟನ್‌ಗೆ ಹೋದವನು ಶವದ ಪೆಟ್ಟಿಗೆಯಲ್ಲೇ ವಾಪಸ್ ಬಂದ ಎಂದಳು. ಅವಳಿಗೆ ಸಿನಿಮಾ ನೋಡಿ ಭಯವೇ ಆಗಲಿಲ್ಲವಂತೆ.

ಹೊರಗೆ ಕಾರ್ ಪಾರ್ಕಿನಲ್ಲಿ ಮಾರಿವಿಕ್ ಮಕ್ಕಳಿಗೆ ಫೋನ್ ಹಚ್ಚಿದ್ದಳು. ಅಲ್ಲಿ ಮಲಗುವ ಹೊತ್ತು. ದೊಡ್ಡವಳು ಕಣ್ಣುಜ್ಜುತ್ತಾ, ಏನಮ್ಮ, ನಾಳೆ ಪರೀಕ್ಷೆ ಇದೆ ಅಂದಳಂತೆ. ಚಿಕ್ಕವಳು ಪೆಟ್ಟಿಗೆ ಯಾವಾಗ ಬರುತ್ತದೆ ಎಂದು ಕೇಳಿದಳಂತೆ. ಮಾರಿವಿಕ್ ನಗುನಗುತ್ತಲೇ ಮಾತಾಡಿ ಫೋನ್ ಇಟ್ಟಳು. ಆಮೇಲೆ ಕಾರಿಗೆ ಒರಗಿ ನಿಂತು ನನಗೆ ಒಂದು ಮಾತು ಹೇಳಿದಳು: "ನಾನು ಹೋದ್ರೆ ಅವರ ಶಾಲೆ ನಿಂತುಹೋಗುತ್ತೆ, ನಾನು ಹೋಗೋ ಹಾಗಿಲ್ಲ. ನಿನಗೇನು ಅಡ್ಡಿ?"

ಆ ರಾತ್ರಿ ಕೂತು ನನ್ನ ಅಡ್ಡಿಗಳನ್ನೆಲ್ಲ ಲೆಕ್ಕ ಹಾಕಿದೆ. ನಿನ್ನ ಕಾಂಟ್ರ್ಯಾಕ್ಟ್ ಮುಗಿದು ನೀನು ಮೂರು ವರ್ಷದ ಗಗನ್‌ನನ್ನು ಎತ್ತಿಕೊಂಡು ಹೊರಟಾಗ, ಒಂದು ವರ್ಷ ಕೊಡು, ನಾನೂ ಬರುತ್ತೇನೆ ಅಂದಿದ್ದೆ. ಆಮೇಲೆ ಪ್ರಮೋಷನ್ ಬಂತು. ಅದಾದ ಮೇಲೆ ಇಲ್ಲಿಯ ಪೌರತ್ವ ಸಿಗಲಿ, ಮಗನಿಗೇ ಒಳ್ಳೆಯದು ಅಂದುಕೊಂಡೆ. ನೀನು ಫೋನಿನಲ್ಲಿ ಜಗಳವಾಡಿದೆ, ನಾನೂ ಆಡಿದೆ. ಕಳೆದ ವರ್ಷ ನೀನು ಬರೆದೆ, ನಿನ್ನ ವಿಡಿಯೊ ಕಾಲ್ ಆದ ದಿನ ಅವನು ಊಟ ಮಾಡುವುದಿಲ್ಲ, ನಿದ್ದೆಯಲ್ಲಿ ಅಳುತ್ತಾನೆ, ದಯವಿಟ್ಟು ಸ್ವಲ್ಪ ಕಾಲ ನಿಲ್ಲಿಸು ಎಂದು. ಆಗ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು! ಈಗ ಇಲ್ಲ. ಮಗು ಉಣ್ಣಬೇಕು, ನಿದ್ದೆ ಮಾಡಬೇಕು. ನೀನು ಮಾಡಿದ್ದು ಆ ಅಜ್ಜಿ ಮಾಡಿದ್ದನ್ನೇ.

ನಿನ್ನೆ ಮ್ಯಾನೇಜರ್‌ಗೆ ರಾಜೀನಾಮೆ ಕೊಟ್ಟೆ. ಪೌರತ್ವಕ್ಕೆ ಕೆಲವೇ ತಿಂಗಳಿವೆ, ಯೋಚಿಸು ಅಂದರು. ಯೋಚಿಸಿಯಾಗಿದೆ ಅಂದೆ. ಜನವರಿಯಲ್ಲಿ ಮೈಸೂರಿಗೆ ಬರುತ್ತೇನೆ. ನಿನ್ನ ಮನೆಗೇ ಬರುತ್ತೇನೆ ಎನ್ನುತ್ತಿಲ್ಲ. ಗಂಡಹೆಂಡತಿಯಾಗಿ ನಾವು ಇನ್ನು ಕೂಡಿ ಬಾಳುತ್ತೇವೋ ಇಲ್ಲವೋ, ಅದನ್ನು ನಿನ್ನ ಮೇಲೆ ಹೇರುವುದೂ ಇಲ್ಲ. ಸರಸ್ವತಿಪುರಂ ಕಡೆ ಒಂದು ಸಣ್ಣ ಮನೆ ನೋಡಿಕೊಳ್ಳುತ್ತೇನೆ. ವಾರಕ್ಕೊಂದು ದಿನ, ಅರ್ಧ ಗಂಟೆ, ನೀನು ಪಕ್ಕದಲ್ಲೇ ಕೂತಿದ್ದರೂ ಸರಿ, ಅವನ ಹತ್ತಿರ ಕೂರಲು ಬಿಡು. ಉಡುಗೊರೆ ತರುವುದಿಲ್ಲ. ಎಷ್ಟು ದಿನ ಇರ್ತೀಯ ಅಂತ ಅವನು ಕೇಳಿದರೆ, ಇಲ್ಲೇ ಇರ್ತೀನಿ ಅಂತ ಹೇಳುವ ಹಾಗೆ ಬರುತ್ತಿದ್ದೇನೆ.

ನೀನು ಬೇಡ ಎಂದರೂ ಬರುತ್ತೇನೆ. ಆದರೆ ಬೇಡ ಅನ್ನಬೇಡ, ಸಂಪತ್.

ಅತ್ತೆಗೆ ನನ್ನ ನಮಸ್ಕಾರ ಹೇಳು.

ನಿನ್ನ
ಮಧುಶ್ರೀ

ತಾ.ಕ.: ಆ ಹಾಲ್‌ನಲ್ಲಿ ಎಲ್ಲರೂ ಅತ್ತ ಕಾರಣಕ್ಕೆ ನಾನು ಅಳಲಿಲ್ಲ. ಸತ್ತು ಬಂದರೂ ಆ ಮಕ್ಕಳು ಅವಳನ್ನು ನೋಡಿದ ಕೂಡಲೇ ಅಮ್ಮಾ ಅಂದರು, ನಾನು ಅತ್ತಿದ್ದು ಅದಕ್ಕೆ. ಜೂನ್‌ನಲ್ಲಿ ನಾನು ಮೈಸೂರಿಗೆ ಬಂದಿದ್ದೆ. ನೀನು ಬೇಡ ಅಂದುಬಿಟ್ಟರೆ ಎಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದೆ. ಕೂದಲು ಕತ್ತರಿಸಿಕೊಂಡಿದ್ದೇನೆ, ತುಂಬ ಇಳಿದುಹೋಗಿದ್ದೇನೆ, ಮಗುವಿನ ತಪ್ಪೇನಿಲ್ಲ. ಗಗನ್ ಓಡಿಬಂದು ನನ್ನ ಮುಂದೆಯೇ ನಿಂತ. ತಲೆಯೆತ್ತಿ ನನ್ನ ಮುಖ ನೋಡಿದ. "ಆಂಟಿ, ಸ್ವಲ್ಪ ಸೈಡಿಗೆ ಬನ್ನಿ, ನಮ್ಮಜ್ಜಿ ಕಾಣ್ತಿಲ್ಲ" ಅಂದ. ನಾನು ಸರಿದು ನಿಂತೆ.