ಒದ್ದೆ ಡಯಪರಿನ ತೂಕ

ಜೂನ್ ೯, ಬೆಳಿಗ್ಗೆ

ಮತ್ತೆ ಡಯಪರ್ ತೂಕ. ಒಣಗಿದ್ದಾಗಿನ ತೂಕ ಕಳೆದು ಉಳಿದದ್ದು ಮೂತ್ರ. ಹುಟ್ಟುವಾಗ ಉಸಿರು ಕಟ್ಟಿ ಮಗಳ ಕಿಡ್ನಿಗೆ ಪೆಟ್ಟು. ಒಳಗೆ ಹೋದ ನೀರು ಹೊರಗೆ ಬಾರದಿದ್ದರೆ ಶ್ವಾಸಕೋಶದಲ್ಲಿ ನಿಲ್ಲುತ್ತದಂತೆ. ಹಾಗಾಗಿ ಹಾಲೂ ಅಳತೆಯಲ್ಲಿ. ನನ್ನ ಎದೆ ಹಾಲು ತುಂಬಿ ಕಲ್ಲಾಗಿದೆ. ಅವಳು ಹಸಿದು ಅಳುತ್ತಾಳೆ. ಯಾರನ್ನು ಬೈಯಲಿ?

ಅತ್ತೆ ನರ್ಸ್ ಮೆರ್ಲಿನ್ ಹತ್ತಿರ ಜಗಳಕ್ಕೆ ನಿಂತರು. "ಮಗುವನ್ನು ಉಪವಾಸ ಹಾಕ್ತೀರಾ? ಹಾಲು ಜಾಸ್ತಿ ಕೊಡ್ಲಿಕ್ಕೆ ಎಂತ ಆಗ್ಬೇಕು?"

"ಮೂತ್ರ ಸರಿ ಹೋಗ್ಬೇಕು ಅಮ್ಮ. ಡಯಪರ್ ಭಾರ ಆದ್ರೆ ಡಾಕ್ಟರ್ ಹಾಲು ಜಾಸ್ತಿ ಮಾಡ್ತಾರೆ."

ಜೂನ್ ೧೦

ಡಯಪರ್ ಭಾರ! ಅತ್ತೆಯೇ ಬದಲಿಸಿ ಕೊಟ್ಟದ್ದು. ಹಾಲು ಹೆಚ್ಚಿಸಿದರು. ದುಬೈಯಲ್ಲಿರುವ ನನ್ನ ಗಂಡ ಜಿತೇಶ್‌ಗೆ ವಿಡಿಯೋ ಕಾಲ್. ಅವರೂ ಕಣ್ಣೊರೆಸಿಕೊಂಡರು.

ಜೂನ್ ೧೨

ಕೆನ್ನೆ ತುಂಬಿದೆ ಎಂದು ಅತ್ತೆಗೆ ಖುಷಿ. ನನಗೆ ಹೆದರಿಕೆ— ರೆಪ್ಪೆಯೂ ಊದಿದೆ, ಉಸಿರು ಜೋರು.

ಮೆರ್ಲಿನ್ ಚಾರ್ಟ್ ನೋಡಿದರು. "ಇಷ್ಟು ಮೂತ್ರ ಹೋದ್ರೆ ಮಗುವಿನ ತೂಕ ಇಳೀಬೇಕು. ಏರಿದೆ. ಲೆಕ್ಕ ಕೂಡುದಿಲ್ಲ." ಡಯಪರ್ ಮೂಸಿದರು. ಮೂತ್ರದ ವಾಸನೆಯೇ ಇಲ್ಲ.

ಮಗಳನ್ನು ಉಸಿರಾಟದ ಮೆಷಿನಿಗೆ ಹಾಕಿದ್ದಾರೆ.

ಜೂನ್ ೧೨, ಸಂಜೆ

ಅತ್ತೆ ಒಪ್ಪಿಕೊಂಡರು, ನನ್ನ ಹತ್ತಿರ ಮಾತ್ರ. ಡಯಪರಿಗೆ ಹಾಕಿದ್ದು ಬಾತ್‌ರೂಮಿನ ನಳ್ಳಿ ನೀರು. "ಅದರ ಅಳು ಕೇಳ್ಲಿಕ್ಕೆ ಆಗ್ಲಿಲ್ಲ ಮಗಾ."

ಪ್ರೀತಿಯಂತೆ. ಇಂಥ ಪ್ರೀತಿಗೆ ಬೆಂಕಿ ಬೀಳಲಿ.

ಜಿತೇಶ್ ಫೋನಿನಲ್ಲಿ— "ಅಮ್ಮನ ಮರ್ಯಾದೆ ತೆಗೀಬೇಡ ಮಾರಾಯ್ತಿ." ಮಗಳು ಹೇಗಿದ್ದಾಳೆಂದು ಕೇಳಿದ್ದು ಆಮೇಲೆ.

ಡಾಕ್ಟರ್ ಕೇಳಿದರು, ನೀರು ಹಾಕಿದ್ದು ಯಾರು? ನಾನು ಎಂದೆ. ಅವರು ನನ್ನನ್ನು ನೋಡಿದ ನೋಟ...

ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಜೂನ್ ೧೬

ಮಗಳ ಮೈಯ ನೀರು ಇಳಿಯುತ್ತಿದೆ. ಮೆಷಿನ್ ತೆಗೆದರು. ಈಗ ನರ್ಸುಗಳೇ ಡಯಪರ್ ಬದಲಿಸುವುದು. ನಾನು ಕೈ ಚಾಚಿದರೂ "ನೀವು ಬೇಡ" ಎನ್ನುತ್ತಾರೆ.

ಪಕ್ಕದ ಮನೆಯ ಖತೀಜಮ್ಮ ನೋಡಲು ಬಂದಿದ್ದರು. ನಾನು ಬಾಗಿಲ ಹೊರಗಿದ್ದೆ. ಒಳಗೆ ಅತ್ತೆಯ ದನಿ— "ಎಂತ ಹೇಳುದು ಖತೀಜಮ್ಮ, ಇವಳಿಗೆ ಮೊದಲ ಹೆರಿಗೆ, ಬುದ್ಧಿ ಸಾಲ್ಲಿಲ್ಲ. ಡಯಪರಿಗೆ ನೀರು ಹಾಕಿದ್ಳು. ನಾನಿದ್ದೆ, ಹಾಗೆ ಮಗು ಉಳೀತು."

ಅಲ್ಲಿಂದಲೇ ಜಿತೇಶ್‌ಗೆ ಫೋನ್ ಮಾಡಿದೆ. "ಡಾಕ್ಟರಿಗೆ ನಿಜ ಹೇಳ್ತೇನೆ. ಡಿಸ್ಚಾರ್ಜ್ ಆದ ಮೇಲೆ ಮಗಳೊಟ್ಟಿಗೆ ದೇರೆಬೈಲಿಗೆ, ಅಪ್ಪನ ಮನೆಗೆ. ನಿಮ್ಮ ಅಮ್ಮ ಅವಳನ್ನು ಇನ್ನು—"

ಬಾಗಿಲು ತೆರೆಯಿತು. ಅತ್ತೆ. ಎಲ್ಲ ಕೇಳಿಸಿದೆ. ಫೋನಿಗೆ ಕೈ ಚಾಚಿದರು. ನಾನು ಕೊಡಲಿಲ್ಲ. ಡಾಕ್ಟರ್ ರೌಂಡ್ಸ್‌ಗೆ ಬರುತ್ತಿದ್ದಾರೆ, ನಾನು ಎದ್ದು ಅವರ ಹತ್ತಿರ ಹೋಗುತ್ತೇನೆ, ನೀರು ಹಾಕಿದ್ದು ಯಾರೆಂದು ಹೇಳಲು.