ಶುಕ್ರವಾರ ಬಂದು ಕೇಳಿ

ಮನೆಯಿಂದ,
ಶನಿವಾರ ಬೆಳಿಗ್ಗೆ

ಪ್ರೀತಿಯ ಮಗನಿಗೆ ಅಮ್ಮನ ಸಲಾಮು.

ಕೆಮ್ಮು ಹೋಯಿತಾ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೀನಮ್ಮಾ" ಅಂತ ಇಟ್ಟುಬಿಡ್ತೀಯ. ಅದಕ್ಕೇ ಕಾಗದ ಬರೀತಿದ್ದೀನಿ, ಇದನ್ನು ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ. ನನ್ನ ಮಂಡಿನೋವು ಹಾಗೇ ಇದೆ, ಹೊಲಿಗೆ ಮೆಷಿನ್ ತುಳಿಯೋಕೆ ಅಡ್ಡಿಯಿಲ್ಲ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ಅವರ ವಿಷಯಾನೇ ಬರೀಬೇಕು. ಮುಖ ಸಿಂಡರಿಸಬೇಡ, ಪೂರ್ತಿ ಓದು.

ನಮ್ಮ ಮಸೀದಿ ಹುಡುಗರು ಬೇಕರಿಯವರ ಗಾಜು ಒಡೆದಾಗ ಅಪ್ಪ ಶುಕ್ರವಾರದ ಬೋಧನೆಯಲ್ಲಿ ತುಟಿ ಬಿಚ್ಚಲಿಲ್ಲ ಅಂತ ತಾನೇ ನೀನು ಮನೆ ಬಿಟ್ಟಿದ್ದು? "ಬೇರೆ ಧರ್ಮದವರ ವೇದಿಕೆ ಮೇಲೊಂದು ಮಾತು, ನಮ್ಮವರ ಮುಂದೊಂದು ಮಾತು" ಅಂದಿದ್ದೆ. ನೀನು ಹೋದ ಮೇಲೆ ಊರೆಲ್ಲಾ ಅದೇ ಚರ್ಚೆ. ಮಸೀದಿ ಗುರುಗಳ ಸೌಹಾರ್ದ ಬರೀ ಫೋಟೋಗೆ ಅಂತ ಪೇಪರಿನವರು ಬರೆದರು. ನಮ್ಮವರಲ್ಲೇ ಕೆಲವರು, ಇವರು ತಮ್ಮನ್ನೇ ಮಾರಿಕೊಂಡಿದ್ದಾರೆ ಅಂದರು. ಅಂಗಿಗೆ ಅಳತೆ ಕೊಡೋಕೆ ಬಂದವರೂ ತೋಳಿನ ಉದ್ದ ಹೇಳೋದು ಬಿಟ್ಟು, "ನಿಮ್ಮೆಜಮಾನ್ರು ನಿಜವಾಗ್ಲೂ ಹಾಗೇನಾ?" ಅಂತ ನನ್ನ ಮುಖದ ಅಳತೆ ತಗೊಳ್ಳೋರು.

ಕಳೆದ ಭಾನುವಾರ ಲೈಬ್ರರಿ ಹಾಲಿನಲ್ಲಿ ಸೌಹಾರ್ದ ಸಭೆ. ಅಪ್ಪ, ಚರ್ಚಿನ ಪಾದ್ರಿಗಳು, ಇಬ್ಬರೂ ಮಾತಾಡಿದರು. ಆಮೇಲೆ ಪಾದ್ರಿಗಳ ಕಡೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಎದ್ದು ನಿಂತರು. "ಬೇಕರಿಯವರು ನಮ್ಮ ಚರ್ಚಿನವರು. ಅವರ ಗಾಜು ಪುಡಿಯಾದ ವಾರ ನೀವು ಮಸೀದಿಯಲ್ಲಿ ಹಲ್ಲುಜ್ಜೋದರ ಬಗ್ಗೆ ಬೋಧನೆ ಮಾಡಿದ್ರಂತೆ!" ಹಾಲ್ ಪೂರಾ ನಕ್ಕಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೈಕ್ ಸಿಕ್ಕರೆ ಬಿಡದ ನಿಮ್ಮಪ್ಪ ಅವತ್ತು ತಡವರಿಸಿದರು. "ಹೆದರಿದೆ ಮೇಡಂ. ನಮ್ಮ ಜನ ನನ್ನ ಕೈಬಿಡ್ತಾರೆ ಅಂತ ಹೆದರಿಬಿಟ್ಟೆ." ನಗು ನಿಂತುಹೋಯಿತು. "ಹಾಗಾದ್ರೆ ಈಗ ನಿಮ್ಮನ್ನ ಹೇಗೆ ನಂಬೋದು?" ಅಂದರು ಆಕೆ. "ನಂಬಬೇಡಿ. ಶುಕ್ರವಾರ ಬಂದು ಕೇಳಿ."

ವಾರವೆಲ್ಲಾ ಅಪ್ಪನಿಗೆ ಊಟ ಸೇರಲಿಲ್ಲ. "ಮಸೀದಿ ಕಮಿಟಿಯವರು ತೆಗೆದುಹಾಕಿದ್ರೆ ಈ ಮನೇನೂ ಬಿಡಬೇಕು ಕಣೇ" ಅಂದರು. ಮನೆ ಮಸೀದಿಯದು ತಾನೇ. ನನ್ನ ಮೆಷಿನ್ ಎಲ್ಲಿಟ್ಟರೂ ಹೊಲಿಯುತ್ತೆ, ನೀವು ಮಾತಾಡಿ ಅಂದೆ. ಅವತ್ತು ಒಂದು ಅಂಗಿಯ ತೋಳು ಉಲ್ಟಾ ಹೊಲಿದೆ, ಅದು ಬೇರೆ ಮಾತು.

ನಿನ್ನೆ ಹೆಡ್‌ಮಿಸ್ಟ್ರೆಸ್ ಬಂದೇಬಿಟ್ಟರು, ಮೇಲೆ ಹೆಂಗಸರ ಜಾಗದಲ್ಲಿ ನನ್ನ ಪಕ್ಕ ಕೂತರು. ಬೇಕರಿಯವರು ಕೆಳಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡರು. ಅಪ್ಪ ಸುತ್ತಿಬಳಸಲಿಲ್ಲ. "ಗಾಜು ಒಡೆದವರು ನಮ್ಮ ಹುಡುಗರು. ಗೊತ್ತಿದ್ದೂ ಸುಮ್ಮನಿದ್ದವನು ನಾನು. ಅದು ತಪ್ಪು, ಇದೂ ತಪ್ಪು" ಅಂದರು. ಒಂದಷ್ಟು ಜನ ಎದ್ದು ಹೊರಟೇಹೋದರು. ಯಾವಾಗ ಹಿಡಿದೆನೋ, ನೋಡಿದರೆ ಆಕೆಯ ಕೈ ನನ್ನ ಕೈಯಲ್ಲಿತ್ತು.

ಪ್ರಾರ್ಥನೆ ಮುಗಿದ ಮೇಲೆ ಕಮಿಟಿ ಅಧ್ಯಕ್ಷರು, ಅದೇ ಟೈರ್ ಅಂಗಡಿಯವರು, ಬಿರಬಿರನೆ ಬಂದರು. ಮುಗೀತು ಕಥೆ ಅಂದುಕೊಂಡೆ. ಅವರು ಅಪ್ಪನನ್ನು ದಾಟಿ ಬೇಕರಿಯವರ ಮುಂದೆ ನಿಂತರು. "ಒಡೆದವರಲ್ಲಿ ನನ್ನ ತಂಗಿ ಮಗ ಒಬ್ಬ. ಸಂಜೆ ಕರ್ಕೊಂಡು ಬರ್ಲಾ?" ಬೇಕರಿಯವರು "ಗಿರಾಕಿಗಳು ಕಮ್ಮಿಯಾದ ಮೇಲೆ ಬನ್ನಿ" ಅಂದರು. ಸಂಜೆ ಹೋದರಂತೆ. ಹುಡುಗ ತಲೆ ಎತ್ತಲಿಲ್ಲವಂತೆ, ಆದರೂ ಕ್ಷಮೆ ಕೇಳಿದನಂತೆ.

ಎದ್ದುಹೋದವರ ಸಿಟ್ಟು ಇನ್ನೂ ಇಳಿದಿಲ್ಲ. ಮನೆಯ ವಿಷಯ ಏನಾಗುತ್ತೋ ಗೊತ್ತಿಲ್ಲ. ಹೆಡ್‌ಮಿಸ್ಟ್ರೆಸ್ ಮೆಟ್ಟಿಲಿಳಿಯುತ್ತಾ, "ಪೂರ್ತಿ ನಂಬಿದೆ ಅಂತ ಸುಳ್ಳು ಹೇಳಲ್ಲ. ಮುಂದಿನ ವಾರವೂ ಬರ್ತೀನಿ" ಅಂದರು. ಆಕೆ ನನಗೆ ಹಿಡಿಸಿದರು.

ದೇವರು ನಿನ್ನನ್ನು ತಂಪಾಗಿಟ್ಟಿರಲಿ. ಬಿಸಿನೀರು ಕುಡಿ.

ನಿನ್ನ ಅಮ್ಮ

ತಾ.ಕ.: ಮುಖ್ಯವಾದದ್ದೇ ಬಿಟ್ಟೆ ನೋಡು! ಮುಂದಿನ ತಿಂಗಳು ಬೇಕರಿಯ ಹಿಂದಿನ ಕೋಣೆಯಲ್ಲಿ ಎರಡೂ ಕಡೆಯವರು ಕೂತು ಮಾತಾಡ್ತಾರೆ. ಪ್ರಶ್ನೆ ಕೇಳೋಕೆ ಯಾರನ್ನು ಕೂರಿಸೋದು ಅಂದಾಗ ಅಪ್ಪ ಹೇಳಿದ್ದು, "ನನ್ನ ಮಗನನ್ನ ಕರೆಸಿ, ಅವನಷ್ಟು ಖಾರವಾಗಿ ಯಾರೂ ಕೇಳಲ್ಲ." ಬರ್ತೀಯಾ?