ದಾನೇಶ್ವರಿಯ ಎರಡನೆಯ ಟ್ರೇ

ಗದಗ, ಫೆಬ್ರುವರಿ ೩೦, ೨೨೧೪

ಚಿರಂಜೀವಿ ನೀಲಗಂಗಾಳಿಗೆ ಬಸಲಿಂಗವ್ವನ ಆಶೀರ್ವಾದಗಳು.

ನೀನು ಕ್ಷೇಮವೇ? ತಾಯಿ ಶಾಂತವೀರವ್ವನ ಮೊಣಕಾಲು ಹೇಗಿದೆ? ತಮ್ಮ ಮುರಿಗೆಪ್ಪನ ಕೆಮ್ಮು ಹೋಯಿತೆ? ನೀನು ನನಗಿಂತ ಏಳು ತಲೆ ಹಿಂದಿನವಳು. ಆದರೂ ನಿನಗೀಗ ಹತ್ತೊಂಬತ್ತು, ನನಗೆ ಎಪ್ಪತ್ತೆರಡು. ಆಶೀರ್ವದಿಸಿದ್ದನ್ನು ತಪ್ಪು ತಿಳಿಯಬೇಡ. ಫೆಬ್ರುವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದೂ ಕೇಳಬೇಡ. ಸರಕಾರ ಕೊಟ್ಟಿತು, ನಾವು ತೆಗೆದುಕೊಂಡೆವು. ನಿಮ್ಮ ಕಾಲದ ಕನ್ನಡ ಬಲ್ಲವಳಲ್ಲ ನಾನು, ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಇದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಬರುತ್ತಿರುವ ಕಾಗದ.

ನೀನು ಆಸ್ಪತ್ರೆಯಲ್ಲಿ ಉಪಕರಣಗಳ ಸ್ಟೆರಿಲೈಸೇಷನ್ ಕಲಿಯುತ್ತಿದ್ದೀಯೆಂದು ಮನೆಯ ಹಳೆಯ ಕಾಗದಗಳಲ್ಲಿ ಓದಿದೆ. ನಾನು ಅದನ್ನೇ ನಲವತ್ತು ವರ್ಷದಿಂದ ಕಲಿಸುತ್ತಿದ್ದೇನೆ. ನಿಮಗೆ ಪ್ರಶ್ನೆಪತ್ರಿಕೆ ಇರುತ್ತದಂತೆ. ನಮ್ಮಲ್ಲಿರುವುದು ಮೈಪರೀಕ್ಷೆ. ವಿದ್ಯಾರ್ಥಿ ತಾನೇ ತೊಳೆದು, ಜೋಡಿಸಿ, ಹಬೆಯಂತ್ರಕ್ಕಿಟ್ಟ ಮೊದಲ ಟ್ರೇಯ ಉಪಕರಣಗಳಿಂದ ಅವರದೇ ಎಡಗೈಯಲ್ಲಿ ಎರಡಂಗುಲ ಕೊಯ್ದು ಹೊಲಿಯುತ್ತೇವೆ. ಏಳು ದಿನ ತುಂಬುವವರೆಗೆ ಔಷಧವಿಲ್ಲ. ಕೀವಾಗದಿದ್ದರೆ ಪಾಸು. ಒಂದು ಕಾಲಕ್ಕೆ ಕೊಳಕು ಕತ್ತರಿಗಳಿಂದ ವಾರ್ಡುಗಳೇ ಖಾಲಿಯಾಗಿದ್ದವಂತೆ. ಅಂದಿನಿಂದ ಈ ಪದ್ಧತಿ. ಒಳ್ಳೆಯದೆಂದೇ ನಂಬಿದ್ದೆ, ಕೈ ನಡುಗದೆ ಕೊಯ್ದಿದ್ದೇನೆ.

ಹೋದ ತಿಂಗಳು ನನ್ನ ಮೊಮ್ಮಗಳು ದಾನೇಶ್ವರಿಯ ಸರದಿ. ಟ್ರೇ ಬಿಚ್ಚಿದರೆ ಇಕ್ಕಳದಂಥ ಫೋರ್ಸೆಪ್ಸ್ ಬಾಯಿ ಮುಚ್ಚಿಕೊಂಡಿತ್ತು. ಬಾಯಿ ತೆರೆದಿಡದಿದ್ದರೆ ಅದರ ಕೀಲಿಗೆ ಹಬೆ ಹೋಗುವುದಿಲ್ಲ. ಮೊದಲ ದಿನದ ಪಾಠವದು. ಕಟ್ಟಿನ ಮೇಲಿನ ಟೇಪೇನೋ ಕಪ್ಪಾಗಿತ್ತು. ಅದು ಹೊರಗೆ ಬಿಸಿ ತಾಗಿದ್ದಕ್ಕೆ ಸಾಕ್ಷಿ, ಒಳಗಿನದಕ್ಕಲ್ಲ.

“ಮತ್ತೊಮ್ಮೆ ನೋಡ್ತೀಯೇನವಾ?” ಎಂದೆ. ಅಷ್ಟು ಕೇಳಲು ಮಾತ್ರ ನಮಗೆ ಅಪ್ಪಣೆ.

“ಟೇಪ್ ಕರ್ರಗಾಗೇತಲ್ಲ ಆಯಿ. ಕೊಯ್ಯಾಕ ಅಂಜಿಕಿ ಬಂತೇನ ನಿನಗ?” ಎಂದು ನಕ್ಕಳು. ಉಳಿದ ಹುಡುಗಿಯರೂ ನಕ್ಕರು.

ಕೊಯ್ದೆ. ಅದೇ ಫೋರ್ಸೆಪ್ಸಿನಿಂದ ಹಿಡಿದು ಹೊಲಿದೆ. ಮೂರನೆಯ ದಿನ ಕೀವು ಕಂಡಿತು. ಇನ್ನೂ ನಾಲ್ಕು ದಿನ ಔಷಧಕ್ಕಾಗಿ ಕೂಗಿದಳು. ಒಂಬತ್ತನೆಯ ದಿನ ಕೈಯನ್ನು ಮೊಣಕೈವರೆಗೆ ಕತ್ತರಿಸಿ ತೆಗೆದರು.

ನಪಾಸಾದವರಿಗೆ ಇನ್ನೊಂದು ಅವಕಾಶವಿದೆ. ಎರಡನೆಯ ಟ್ರೇಯಿಂದ ಅವರು ಹೆಸರಿಸಿದ ರಕ್ತಸಂಬಂಧಿಯ ಹೊಟ್ಟೆ ಕೊಯ್ಯುತ್ತಾರೆ. ದಾನೇಶ್ವರಿ ನನ್ನ ಹೆಸರು ಬರೆದಳು. “ಈಗ ಕೇಳು, ಮತ್ತೊಮ್ಮೆ ನೋಡ್ತೀಯೇನಂತ,” ಎಂದಳು.

ಅವಳ ಟ್ರೇಯ ಬಳಿ ನಾನು ಹೋಗುವಂತಿಲ್ಲ, ಗಾಜಿನಾಚೆಯಿಂದ ನೋಡುತ್ತೇನೆ. ಅಭ್ಯಾಸ ಮಾಡುವಾಗ ಒಂದೇ ಕೈಯಲ್ಲಿ ಫೋರ್ಸೆಪ್ಸಿನ ಬಿಗಿಯಾದ ಕೀಲು ಬಿಡುವುದಿಲ್ಲ. ಹಲ್ಲಿನಿಂದ ಕಚ್ಚಿ ತೆರೆಯುತ್ತಾಳೆ. ಟ್ರೇಗಿಡುವಷ್ಟರಲ್ಲಿ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಅವಳಿಗದು ಕಾಣುತ್ತದೆಯೋ ಇಲ್ಲವೋ ತಿಳಿಯದು.

ಒಂಟಿ ಕೈಯವರಿಗೆ ನಿಮ್ಮಲ್ಲಿ ಏನಾದರೂ ಉಪಾಯವಿದ್ದರೆ ಕಲಿಸುವವರನ್ನು ಕೇಳಿ ತಿಳಿಸು, ತಾಯಿ. ನನ್ನ ಮಾತನ್ನು ಅವಳು ಕೇಳುವುದಿಲ್ಲ, ನಿನ್ನದನ್ನು ಕೇಳಿಯಾಳು. ಪರೀಕ್ಷೆ ಗುರುವಾರ. ಅಷ್ಟರೊಳಗೆ ಬರೆ. ತಡವಾದರೆ ಅವಳ ಹೆಸರಿಗೆ ಬರೆ.